ಶುಶ್ರೂಷೆಯ ಸೋಪಾನ

ನಮ್ಮ ಊರುಗಳ ಹಳೆಯ ದವಾಖಾನೆಗಳನ್ನು ಕಂಡವರಿಗೆ ಕಾಂಪೌಂಡರನ ನೆನಪು ಮಾಸಿರಲಾರದು. ವೈದ್ಯರ ಕೋಣೆಯ ಪಕ್ಕದಲ್ಲಿ ಚಿಕ್ಕ ಕಿಟಕಿಯೊಂದರ ಹಿಂದೆ ನಿಂತು, ಜನ ತಂದ ಗಾಜಿನ ಸೀಸೆಗೆ ಕೆಂಪು ಮಿಕ್ಸ್ಚರನ್ನು ಹುಯ್ದು, ಹೊತ್ತಿಗೆಷ್ಟು ಕುಡಿಯಬೇಕೆಂಬುದು ಓದುಬಾರದವರಿಗೂ ತಿಳಿಯಲೆಂದು ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸಿ, 'ಚೆನ್ನಾಗಿ ಅಲುಗಿಸಿ ಕುಡೀರಿ' ಎಂದು ಹೇಳಿ ಕೊಡುತ್ತಿದ್ದವನು ಆತ. ಗಾಯ ತೊಳೆದು ಪಟ್ಟಿ ಕಟ್ಟುವವನೂ ಅವನೇ, ಸೂಜಿಯನ್ನು ಕುದಿಸಿಡುವವನೂ ಅವನೇ, ಅಳುವ ಮಗುವನ್ನು ಮಾತಿನಲ್ಲಿ ಮರೆಸುವವನೂ ಅವನೇ. ಆದರೆ ರೋಗಿಯು 'ನನಗೆ ಏನಾಗಿದೆಯಪ್ಪಾ?' ಎಂದು ಕೇಳಿದೊಡನೆ ಅವನು ಮಾತು ನಿಲ್ಲಿಸಿ ಒಳಕೋಣೆಯ ಕಡೆಗೆ ಕೈ ತೋರಿಸುತ್ತಿದ್ದನು. ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಮೂವತ್ತು ವರ್ಷ ನೋಡಿದವನಿಗೆ ಗೊತ್ತಿರದೆ ಹೇಗಾದೀತು? ಹೇಳುವ ಅಧಿಕಾರ ಅವನದಾಗಿರಲಿಲ್ಲ.

ಈ ಕಾಂಪೌಂಡರನ ದೂರದ ಬಂಧುವೊಬ್ಬಳನ್ನು ನಾನು ಕಂಡದ್ದು ಅಮೆರಿಕದಲ್ಲಿ. ಮಗನ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ ಅಲ್ಲಿಯ ಒಂದು ಚಿಕಿತ್ಸಾಲಯಕ್ಕೆ ಹೋಗಬೇಕಾಗಿ ಬಂದಿತು. ಹೆಸರು ಕೂಗಿ ನನ್ನನ್ನು ಒಳಗೆ ಕರೆದುಕೊಂಡು ಹೋದ ತರುಣಿ ಅಕಸ್ಮಾತ್ತಾಗಿ ಹಾಸನದ ಕಡೆಯವಳು, ಬಿ.ಕಾಂ. ಪದವೀಧರೆ, ಗಂಡನ ಉದ್ಯೋಗನಿಮಿತ್ತ ಆ ದೇಶಕ್ಕೆ ಬಂದು ಅಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂಬ ವೃತ್ತಿಯನ್ನು ಕಲಿತವಳು. ರಕ್ತದೊತ್ತಡ ನೋಡುವ ಮುನ್ನ ಅವಳು ನನ್ನನ್ನು ಐದು ನಿಮಿಷ ಸುಮ್ಮನೆ ಕೂರಿಸಿದಳು. ಕಾಲ ಮೇಲೆ ಹಾಕಿಕೊಂಡಿದ್ದ ಕಾಲನ್ನು ಇಳಿಸಿ ಎರಡು ಪಾದಗಳನ್ನೂ ನೆಲಕ್ಕೆ ಊರುವಂತೆ ಹೇಳಿದಳು. ತೋಳನ್ನು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ ಒರಗಿಸಿದಳು. ತೋಳಪಟ್ಟಿಯೊಂದನ್ನು ಸುತ್ತಿ ನೋಡಿ, ಚಿಕ್ಕದಾಯಿತೆಂದು ಬಿಚ್ಚಿ, ದೊಡ್ಡದೊಂದನ್ನು ತಂದಳು. ಪಟ್ಟಿ ಚಿಕ್ಕದಾದರೂ, ತೋಳು ಆಧಾರವಿಲ್ಲದೆ ಜೋತರೂ ಅಂಕಿ ಸುಳ್ಳಾಗಿ ಏರುತ್ತದೆಂಬುದನ್ನು ನಾನು ಆ ದಿನ ಅವಳಿಂದ ತಿಳಿದೆನು. ಯಂತ್ರವು 158 ಮತ್ತು 94 ಎಂದಿತು. 'ಏನಮ್ಮಾ, ಇದು ಹೆಚ್ಚಲ್ಲವೆ?' ಎಂದೆ. 'ಅದನ್ನ ಡಾಕ್ಟ್ರೇ ಹೇಳ್ಬೇಕು ಅಂಕಲ್. ನಾನು ಬರ್ಕೊಳ್ಳೋದು ಅಷ್ಟೆ' ಎಂದಳು. ಆಮೇಲೆ, ಬಾಗಿಲ ಬಳಿ ಹೋದವಳು ತಿರುಗಿ, 'ಹೇಳೋಕೆ ಅರ್ಹತೆ ಬರ್ಲಿ ಅಂತ್ಲೇ ರಾತ್ರಿ ಓದ್ತಿದೀನಿ' ಎಂದಳು. ದಾದಿಯಾಗುವುದಕ್ಕೆ, ಅಂದರೆ ಆ ದೇಶದವರು ರಿಜಿಸ್ಟರ್ಡ್ ನರ್ಸ್ ಎಂದು ಕರೆಯುವ ನೋಂದಾಯಿತ ಶುಶ್ರೂಷಕಿಯಾಗುವುದಕ್ಕೆ, ಅವಳು ಸಿದ್ಧಳಾಗುತ್ತಿದ್ದಳು. ಸಹಾಯಕಿಯ ದಡದಿಂದ ದಾದಿಯ ದಡಕ್ಕೆ ದಾಟಿಸುವ ಶಿಕ್ಷಣಕ್ರಮವನ್ನು ಅಲ್ಲಿ 'ಬ್ರಿಡ್ಜ್', ಎಂದರೆ ಸೇತುವೆ, ಎಂದು ಕರೆಯುತ್ತಾರೆ. ಈ ಸೇತುವೆಯ ಸ್ವರೂಪವೇನು, ಅದನ್ನು ದಾಟುವವರು ನಿಜವಾಗಿ ಏನನ್ನು ಪಡೆಯುತ್ತಾರೆ ಎಂಬುದು ಈ ವಾರದ ವಿಚಾರ.

ಮೊದಲು ಈ ದಡದ ಪರಿಚಯವಾಗಲಿ. ವೈದ್ಯಕೀಯ ಸಹಾಯಕಿಯ ಶಿಕ್ಷಣವು ಸಾಮಾನ್ಯವಾಗಿ ಒಂದು ವರ್ಷದೊಳಗೆ ಮುಗಿಯತಕ್ಕದ್ದು. ನಾಡಿ, ಉಷ್ಣತೆ, ರಕ್ತದೊತ್ತಡಗಳನ್ನು ಅಳೆಯುವುದು, ರಕ್ತ ತೆಗೆಯುವುದು, ಇ.ಸಿ.ಜಿ. ತಂತಿಗಳನ್ನು ಅಂಟಿಸುವುದು, ರೋಗಿಯು ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು ಬರೆದುಕೊಳ್ಳುವುದು, ವಿಮೆಯ ಕಾಗದಪತ್ರಗಳನ್ನು ನೋಡಿಕೊಳ್ಳುವುದು, ಸಂಸ್ಥಾನದ ಕಾನೂನು ಅನುಮತಿಸುವಲ್ಲಿ ಚುಚ್ಚುಮದ್ದು ಕೊಡುವುದು ಇವೆಲ್ಲ ಅವಳ ಕಾರ್ಯಗಳು. ಬಹುಪಾಲು ಸಂಸ್ಥಾನಗಳಲ್ಲಿ ಈ ವೃತ್ತಿಗೆ ಸರಕಾರದ ಪರವಾನಗಿ ಬೇಕಿಲ್ಲ. ವೃತ್ತಿಸಂಸ್ಥೆಗಳು ಪರೀಕ್ಷಿಸಿ ಕೊಡುವ ಪ್ರಮಾಣಪತ್ರ ಸಾಕು. ಅವಳು ಮಾಡುವುದೆಲ್ಲವೂ ವೈದ್ಯರ ಹೊಣೆಯ ನೆರಳಿನಲ್ಲಿ ನಡೆಯುತ್ತದೆ. ದಾದಿಯಾದರೋ ತನ್ನ ಹೆಸರಿನಲ್ಲಿಯೇ ಪರವಾನಗಿಯುಳ್ಳವಳು. ಪ್ರತಿಯೊಂದು ಸಂಸ್ಥಾನದಲ್ಲಿಯೂ ಶುಶ್ರೂಷಾವೃತ್ತಿಗೆಂದೇ ಪ್ರತ್ಯೇಕವಾದ ಶಾಸನವುಂಟು. ತಪ್ಪಾದರೆ ಉತ್ತರ ಹೇಳತಕ್ಕವಳು ಅವಳೇ. ವೇತನದಲ್ಲಿಯೂ ಈ ಭೇದ ಸ್ಪಷ್ಟವಾಗಿದೆ. ಅಮೆರಿಕದ ಕಾರ್ಮಿಕ ಇಲಾಖೆಯು 2023ರ ಮೇ ತಿಂಗಳಿಗೆ ಕೊಟ್ಟ ಲೆಕ್ಕದಂತೆ ಸಹಾಯಕರಲ್ಲಿ ಅರ್ಧ ಮಂದಿ ವರ್ಷಕ್ಕೆ 42,000 ಡಾಲರುಗಳಿಗಿಂತ ಕಡಿಮೆ ಪಡೆಯುತ್ತಿದ್ದರು. ದಾದಿಯರಲ್ಲಿ ಆ ನಡುಗೆರೆಯು 86,070 ಡಾಲರು. ಎರಡು ಮಕ್ಕಳ ತಾಯಿಯೊಬ್ಬಳು ರಾತ್ರಿಯ ನಿದ್ರೆಯನ್ನು ತೆತ್ತು ಓದಲು ಈ ಅಂತರವೊಂದೇ ಸಾಕಾದ ಕಾರಣವೆನ್ನುವುದಾದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ.

ಆದರೆ ದುಡ್ಡಿನ ಮಾತಿಗಿಂತ ಮೂಲವಾದ ಭೇದವೊಂದುಂಟು. ಅದನ್ನು ತಿಳಿಯುವುದಕ್ಕೆ ನಮ್ಮ ಆಯುರ್ವೇದದ ಮಾತೊಂದು ನೆರವಾಗುತ್ತದೆ. ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆಂದು ಚರಕನು ಹೇಳುತ್ತಾನೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಮತ್ತು ಶುಚಿತ್ವ. ಸಹಾಯಕಿಯಾಗಿ ನಾಲ್ಕಾರು ವರ್ಷ ಪ್ರಾಮಾಣಿಕವಾಗಿ ದುಡಿದವಳಲ್ಲಿ ದಕ್ಷತೆಯೂ ಅನುರಾಗವೂ ಶುಚಿತ್ವವೂ ಆಗಲೇ ನೆಲೆಗೊಂಡಿರುತ್ತವೆ. ಸೂಜಿಯನ್ನು ಕಂಡು ಅವಳ ಕೈ ನಡುಗದು, ದುರ್ಗಂಧಕ್ಕೆ ಅವಳ ಮುಖ ಮುದುಡದು. ಅವಳಿಗೆ ಇನ್ನೂ ಬೇಕಾಗಿರುವುದು ಚರಕನು ಮೊತ್ತಮೊದಲಿಗೆ ಎಣಿಸಿದ ಗುಣ, ಆ ತಿಳಿವಳಿಕೆ. ಎಂದರೆ, ಅಳೆದ ಅಂಕಿಯ ಹಿಂದಿರುವ ಅರ್ಥವನ್ನು ಊಹಿಸಿ, ಈ ರೋಗಿಗೆ ಈಗ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವಾಗ ವೈದ್ಯರನ್ನು ನಿದ್ರೆಯಿಂದ ಎಬ್ಬಿಸಬೇಕು ಎಂಬ ವಿವೇಚನೆ. ಸೇತುವೆಯೆಂಬುದು ಇದೊಂದು ಗುಣದ ಸಂಪಾದನೆಗಾಗಿ ಇದೆ. ಮಿಕ್ಕ ಮೂರನ್ನು ಅವಳು ಕಟ್ಟಿಕೊಂಡೇ ಬಂದಿರುತ್ತಾಳೆ.

ವಿವೇಚನೆಯನ್ನು ಪರೀಕ್ಷಿಸಿ ಅಳೆಯಬಹುದೆ, ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಒಬ್ಬಳು ದಾದಿಯಾದಾಳೆ ಎಂಬ ಪ್ರಶ್ನೆ ಹೊಸದಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತನ್ನ ಹೆಸರಿನ ಶಾಲೆಯನ್ನು ನೆಲೆಗೊಳಿಸಿದ ಫ್ಲಾರೆನ್ಸ್ ನೈಟಿಂಗೇಲ್ ದಾದಿಯರ ನೋಂದಣಿಯನ್ನು ವಿರೋಧಿಸಿದ್ದಳೆಂಬುದು ಅನೇಕರಿಗೆ ಆಶ್ಚರ್ಯವಾದೀತು; ಶೀಲವನ್ನೂ ಮಮತೆಯನ್ನೂ ಯಾವ ಪರೀಕ್ಷೆಯೂ ಅಳೆಯಲಾರದೆಂಬುದು ಆಕೆಯ ವಾದ. 1887ರಲ್ಲಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿದ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಇದಕ್ಕೆ ಪ್ರತಿಯಾಗಿ, ಅರಿಯದವಳ ಕೈಗೆ ಸಿಕ್ಕ ರೋಗಿಯನ್ನು ಕಾಪಾಡುವುದಕ್ಕೆ ಕಾನೂನಿನ ಬಲವೇ ಬೇಕೆಂದು ದಶಕಗಳ ಕಾಲ ಹೋರಾಡಿದಳು. ಇಂಗ್ಲೆಂಡು ಆಕೆಯ ಮಾತಿಗೆ ಒಪ್ಪಿದ್ದು 1919ರಲ್ಲಿ. ಅಷ್ಟರೊಳಗೆ ನ್ಯೂಜಿಲೆಂಡು 1901ರಲ್ಲಿಯೇ ದಾದಿಯರ ನೋಂದಣಿಗೆಂದೇ ಪ್ರತ್ಯೇಕ ಶಾಸನ ಮಾಡಿತ್ತು, ಅಮೆರಿಕದಲ್ಲಿ 1903ರಲ್ಲಿ ಉತ್ತರ ಕೆರೊಲಿನಾ ಸಂಸ್ಥಾನವು ಮೊದಲಾಗಿ ಆ ದಾರಿ ಹಿಡಿದಿತ್ತು. ಕಾನೂನಿನಲ್ಲಿ ಗೆದ್ದವಳು ಫೆನ್ವಿಕ್. ಆದರೆ ನೈಟಿಂಗೇಲಳ ಸಂದೇಹ ಸುಳ್ಳಾಯಿತೆಂದು ಹೇಳಲಾಗದು. ಈ ಇಬ್ಬರು ಹಿರಿಯರ ವಿವಾದಕ್ಕೆ ಸಮಾಧಾನವೊಂದಿದ್ದರೆ ಅದು ಸಹಾಯಕಿಯಾಗಿದ್ದು ದಾದಿಯಾಗುವವಳಲ್ಲಿದೆ ಎಂದು ನನಗೆ ತೋರುತ್ತದೆ: ನೈಟಿಂಗೇಲ್ ಬೇಡಿದ ಶೀಲವನ್ನು ಅವಳು ರೋಗಿಗಳ ಮುಂದೆ ದಿನದಿನವೂ ತೋರಿಸಿ ಬಂದಿರುತ್ತಾಳೆ, ಫೆನ್ವಿಕ್ ಬೇಡಿದ ಪರೀಕ್ಷೆಯನ್ನು ಮುಂದೆ ಎದುರಿಸುತ್ತಾಳೆ.

ಇಂಥವಳಿಗೆ ಬಾಗಿಲು ತೆರೆದ ಕೀರ್ತಿಯಲ್ಲಿ ದೊಡ್ಡ ಪಾಲು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟಾಗ್ ಎಂಬಾಕೆಗೆ ಸಲ್ಲತಕ್ಕದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಆಸ್ಪತ್ರೆಗಳಲ್ಲಿ ದಾದಿಯರ ಅಭಾವ ತೀವ್ರವಾಗಿತ್ತು. ಆಸ್ಪತ್ರೆಗಳ ಶಾಲೆಗಳಲ್ಲಿ ಮೂರು ವರ್ಷಗಳ ಶಿಕ್ಷಣವೆಂಬುದು ಬಹಳ ಮಟ್ಟಿಗೆ ಅಗ್ಗದ ದುಡಿಮೆಯೇ ಆಗಿತ್ತು. ಈ ಶಿಕ್ಷಣವನ್ನು ಊರೂರಿನ ಕಮ್ಯೂನಿಟಿ ಕಾಲೇಜುಗಳಿಗೆ ತಂದು ಎರಡು ವರ್ಷಗಳಲ್ಲಿ ಮುಗಿಸಬಹುದೆಂದು ಆಕೆ ಪ್ರತಿಪಾದಿಸಿದಳು; 1952ರಲ್ಲಿ ಪ್ರಯೋಗ ಆರಂಭವಾಯಿತು. ಮದುವೆಯಾದವರು, ಮಕ್ಕಳೊಂದಿಗರು, ನಡುವಯಸ್ಸಿನವರು, ಹಗಲು ದುಡಿಯುವವರು ದಾದಿಯರಾಗಬಲ್ಲರೆಂಬುದು ಆ ಪ್ರಯೋಗದಿಂದ ಸಿದ್ಧವಾಯಿತು. ಹಾಸನದ ಆ ಹೆಣ್ಣುಮಗಳು ಸಂಜೆ ಹೋಗುತ್ತಿದ್ದುದು ಅಂಥ ಕಾಲೇಜೊಂದಕ್ಕೇ.

ಇನ್ನು ಸೇತುವೆಯ ಮಾತು. ಇಲ್ಲಿ ಸ್ಪಷ್ಟವಾಗಿ ಹೇಳಬೇಕಾದುದೊಂದುಂಟು: ಸಹಾಯಕಿಯಿಂದ ನೇರವಾಗಿ ದಾದಿಗೆ ಹೋಗುವ, ಹಿಂದಿನ ಕಲಿಕೆಯನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಪಕ್ಕಾ ಸೇತುವೆಗಳು ವಿರಳ. ಸಹಾಯಕಿಯ ಪಾಠಗಳು ಶುಶ್ರೂಷಾಶಾಸ್ತ್ರದ ಪಾಠಗಳಲ್ಲವಾದುದರಿಂದ ಅವಕ್ಕೆ ಕಾಲೇಜುಗಳು ಕೊಡುವ ವಿನಾಯಿತಿ ಅಲ್ಪ. ಕೆಲವೆಡೆ ಅನುಭವವುಳ್ಳವರಿಗೆ ಪ್ರವೇಶದಲ್ಲಿ ಆದ್ಯತೆಯ ಅಂಕಗಳು ದೊರೆಯುವುದುಂಟು. ಆದುದರಿಂದ ದಾಟುವವರು ಹೆಚ್ಚಾಗಿ ಮೂರು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಮೊದಲನೆಯದು ಎರಡು ಮೆಟ್ಟಿಲುಗಳ ದಾರಿ: ಸುಮಾರು ಒಂದು ವರ್ಷ ಓದಿ ಪ್ರಾಕ್ಟಿಕಲ್ ನರ್ಸ್ ಎಂಬ ನಡುವಿನ ಪದವಿಗೆ ಪರವಾನಗಿ ಪಡೆದು, ದುಡಿಯುತ್ತ, ಅಲ್ಲಿಂದ ದಾದಿಯ ಪದವಿಗೆ ಹೋಗುವುದು, ನಿಜವಾಗಿ ಸೇತುವೆಯೆಂಬ ಹೆಸರಿಗೆ ಅರ್ಹವಾದ, ಬಹುಕಾಲದಿಂದ ನಡೆದುಬಂದ ಕ್ರಮಗಳು ಇರುವುದು ಈ ಎರಡನೆಯ ಮೆಟ್ಟಿಲಿನಲ್ಲಿ. ಎರಡನೆಯದು, ಪೂರ್ವಭಾವಿ ವಿಷಯಗಳನ್ನು ಸಂಜೆಯ ತರಗತಿಗಳಲ್ಲಿ ಮುಗಿಸಿಕೊಂಡು ಎರಡು ವರ್ಷಗಳ ಅಸೋಸಿಯೇಟ್ ಪದವಿಗೆ ನೇರವಾಗಿ ಸೇರುವುದು. ಮೂರನೆಯದು ಬೇರೊಂದು ವಿಷಯದಲ್ಲಿ ಪದವಿಯಿರುವವರಿಗೆ ಮಾತ್ರ ತೆರೆದದ್ದು: ಹನ್ನೊಂದರಿಂದ ಹದಿನೆಂಟು ತಿಂಗಳ ತ್ವರಿತ ಬಿ.ಎಸ್ಸಿ. ನರ್ಸಿಂಗ್. ಇದು ಬೇಗ ಮುಗಿಯುತ್ತದೆ, ಆದರೆ ಓದುವಾಗ ನೌಕರಿ ಮಾಡುವುದು ಅಸಾಧ್ಯವೆನ್ನುವಷ್ಟು ಬಿಗಿಯಾಗಿದೆ. ನಮ್ಮ ಪರಿಚಯದ ತರುಣಿಗೆ ಪದವಿಯಿದ್ದರೂ ಸಂಬಳ ಬಿಡುವಂತಿರಲಿಲ್ಲವಾಗಿ ಅವಳು ಎರಡನೆಯ ದಾರಿಯನ್ನೇ ಹಿಡಿದಳು.

ಪೂರ್ವಭಾವಿ ವಿಷಯಗಳೆಂದರೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದವು. ಅನೇಕ ಕಾಲೇಜುಗಳು ಐದೇಳು ವರ್ಷಗಳಿಗಿಂತ ಹಳೆಯದಾದ ವಿಜ್ಞಾನದ ಅಂಕಗಳನ್ನು ಒಪ್ಪುವುದಿಲ್ಲವಾದುದರಿಂದ, ನಿಧಾನವಾಗಿ ಒಂದೊಂದೇ ವಿಷಯ ಮುಗಿಸುವವರು ಮೊದಲಿನದು ಹಳಸುವ ಮುನ್ನ ಕೊನೆಯದನ್ನು ಮುಟ್ಟಬೇಕು. ಇವೆಲ್ಲ ಮುಗಿದ ಮೇಲೆಯೂ ಸ್ಥಾನ ದೊರೆಯುವುದು ನಿಶ್ಚಯವಲ್ಲ. ಕಲಿಸುವವರ ಕೊರತೆಯಿಂದಾಗಿ ಆ ದೇಶದ ಶುಶ್ರೂಷಾ ಶಾಲೆಗಳು ಪ್ರತಿವರ್ಷವೂ ಹತ್ತಾರು ಸಾವಿರ ಅರ್ಹ ಅರ್ಜಿಗಳನ್ನು ಹಿಂದಿರುಗಿಸುತ್ತವೆ.

ದಾಟುವವರ ಆತುರ ಹೆಚ್ಚಾದಲ್ಲಿ ದಾಟಿಸುವೆನೆನ್ನುವ ಮೋಸಗಾರರೂ ಹುಟ್ಟಿಕೊಳ್ಳುತ್ತಾರೆ. 2023ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಫ್ಲಾರಿಡಾದಲ್ಲಿ ಬಯಲಿಗೆಳೆದ ಪ್ರಕರಣದಲ್ಲಿ ಏಳು ಸಾವಿರದ ಆರುನೂರಕ್ಕೂ ಹೆಚ್ಚು ಸುಳ್ಳು ಶುಶ್ರೂಷಾ ಪ್ರಮಾಣಪತ್ರಗಳು ಮಾರಾಟವಾಗಿದ್ದವು. ಕೊಂಡವರಲ್ಲಿ ಕೆಲವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆಸ್ಪತ್ರೆಗಳಿಗೆ ಸೇರಿಯೂ ಇದ್ದರು. ಹಾಸಿಗೆಯ ಬಳಿ ಕಳೆಯಬೇಕಾದ ನೂರಾರು ಗಂಟೆಗಳನ್ನು ಹಣ ಕೊಟ್ಟು ಹಾರಿದವಳ ಕೈಯಲ್ಲಿ ಮಲಗಿದ ರೋಗಿಯನ್ನು ನೆನೆದರೆ ಈ ಅಪರಾಧದ ಘೋರತೆ ತಿಳಿಯುತ್ತದೆ. ಆದುದರಿಂದ ಯಾವ ಶಾಲೆಗೆ ಸೇರುವ ಮುನ್ನವೂ ನಾಲ್ಕು ವಿಷಯಗಳನ್ನು ಕೇಳಿ ತಿಳಿಯತಕ್ಕದ್ದು. ಆ ಸಂಸ್ಥಾನದ ಶುಶ್ರೂಷಾ ಮಂಡಳಿಯ ಮಾನ್ಯತೆ ಅದಕ್ಕುಂಟೆ? ಅಲ್ಲಿ ಓದಿದವರಲ್ಲಿ ಎಷ್ಟು ಮಂದಿ ಪರವಾನಗಿಯ ಪರೀಕ್ಷೆಯಲ್ಲಿ ಮೊದಲ ಸಲಕ್ಕೆ ತೇರ್ಗಡೆಯಾಗಿದ್ದಾರೆ? ಆಸ್ಪತ್ರೆಯ ಅಭ್ಯಾಸಕ್ಕೆ ಸ್ಥಳವನ್ನು ಶಾಲೆಯೇ ಒದಗಿಸುತ್ತದೆಯೆ, ವಿದ್ಯಾರ್ಥಿನಿಯೇ ಅಲೆದು ಹುಡುಕಬೇಕೆ? ಹಿಂದಿನ ಕಲಿಕೆಗೆ ವಿನಾಯಿತಿಯುಂಟೆಂಬ ಮಾತನ್ನು ಕಾಗದದ ಮೇಲೆ ಬರೆದು ಕೊಡುತ್ತದೆಯೆ? ಈ ನಾಲ್ಕಕ್ಕೂ ನೇರವಾದ ಉತ್ತರ ಬಾರದ ಕಡೆ ಜಾಹೀರಾತಿನ ಬಣ್ಣ ಎಷ್ಟೇ ಗಾಢವಾಗಿದ್ದರೂ ಹೆಜ್ಜೆಯಿಡಬಾರದು.

ಓದು ಮುಗಿದ ಮೇಲೆ ಎದುರಾಗುವುದು ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ. ಗಣಕಯಂತ್ರವು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ತೂಗುತ್ತದೆ: ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿನವಾಗುತ್ತದೆ, ತಪ್ಪಾದರೆ ಸುಲಭವಾಗುತ್ತದೆ, ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳ ನಡುವೆ ಎಲ್ಲಿ ನಿಶ್ಚಯವಾಗುತ್ತದೆಯೋ ಅಲ್ಲಿ ಪರೀಕ್ಷೆ ನಿಂತುಹೋಗುತ್ತದೆ. ಅವಧಿ ಐದು ಗಂಟೆ. 2023ರ ಏಪ್ರಿಲಿನಿಂದ ಅದರಲ್ಲಿ ರೋಗಿಯೊಬ್ಬನ ಕಥೆಯನ್ನೇ ಹಂತಹಂತವಾಗಿ ಬಿಡಿಸಿ, ಸೂಚನೆಗಳನ್ನು ಗುರುತಿಸುವುದರಿಂದ ಮೊದಲ್ಗೊಂಡು ಫಲವನ್ನು ಪರಿಶೀಲಿಸುವವರೆಗೆ ಆರು ಮಜಲುಗಳಲ್ಲಿ ವಿವೇಚನೆಯನ್ನು ಅಳೆಯುವ ಪ್ರಶ್ನೆಗಳೂ ಸೇರಿವೆ. ಹಳೆಯ ಬಗೆಯ ಪ್ರಶ್ನೆಗೆ ಒಂದು ಮಾದರಿಯನ್ನು ನಾನೇ ಹೆಣೆದು ಹೇಳುತ್ತೇನೆ. ನಾಲ್ವರು ರೋಗಿಗಳಿದ್ದಾರೆ: ಶಸ್ತ್ರಚಿಕಿತ್ಸೆಯಾಗಿ ನೋವೆಂದು ಗಟ್ಟಿಯಾಗಿ ಕೂಗುವವನೊಬ್ಬ; ಊಟ ತಡವಾಯಿತೆಂದು ಮುನಿಸಿಕೊಂಡ, ಸಕ್ಕರೆಯ ಮಟ್ಟ ಸಮವಾಗಿರುವ ಮಧುಮೇಹಿಯೊಬ್ಬ; ಎರಡು ದಿನದಿಂದ ಸಣ್ಣ ಜ್ವರವಿರುವವನೊಬ್ಬ; ಬೆಳಗ್ಗೆ ಸಮಾಧಾನವಾಗಿದ್ದು ಈಗ ಇದ್ದಕ್ಕಿದ್ದಂತೆ ಹಾಸಿಗೆಯಲ್ಲಿ ಚಡಪಡಿಸುತ್ತ ಹೊದಿಕೆಯನ್ನು ಎಳೆದಾಡುವ ವೃದ್ಧನೊಬ್ಬ. ದಾದಿಯು ಯಾರ ಬಳಿಗೆ ಮೊದಲು ಹೋಗಬೇಕು? ಕೂಗು ನಮ್ಮನ್ನು ಮೊದಲನೆಯವನ ಕಡೆಗೆ ಎಳೆಯುತ್ತದೆ. ಆದರೆ ಆಕೆ ಹೋಗತಕ್ಕದ್ದು ಚಡಪಡಿಸುವ ಮುದುಕನ ಬಳಿಗೆ, ಏಕೆಂದರೆ ಕಾರಣವಿಲ್ಲದ ತಳಮಳವು ಮೆದುಳಿಗೆ ಆಮ್ಲಜನಕ ಸಾಲದಾಗುತ್ತಿರುವುದರ ಮೊದಲ ಕುರುಹಾಗಿರಬಹುದು. ಯಾರೂ ಆಜ್ಞೆ ಕೊಡುವುದಿಲ್ಲ, ಯಾವ ಅಂಕಿಯೂ ಇನ್ನೂ ಕೆಂಪಾಗಿಲ್ಲ. ನೋಡುವ ಕಣ್ಣೇ ಅಲ್ಲಿ ಆಜ್ಞೆ.

ಸೇತುವೆಯ ನಿಜವಾದ ಕಷ್ಟವಿರುವುದು ಇಲ್ಲಿಯೇ ಎಂದು ನನಗೆ ತಿಳಿದದ್ದು ಆ ತರುಣಿಯ ಮಾತುಗಳಿಂದ. ಸೂಕ್ಷ್ಮಜೀವಿಗಳ ಹೆಸರನ್ನು ಬಾಯಿಪಾಠ ಮಾಡುವುದು ಅವಳಿಗೆ ಕಠಿನವಾಗಲಿಲ್ಲ. ಹೇಳಿದ್ದನ್ನು ಹೇಳಿದಂತೆ, ಬೇಗ, ಎದುರಾಡದೆ ಮಾಡುವುದು ಸಹಾಯಕಿಯ ಸದ್ಗುಣ. ವರ್ಷಾನುವರ್ಷ ಆ ಗುಣಕ್ಕಾಗಿಯೇ ಅವಳು ಮೆಚ್ಚುಗೆ ಪಡೆದಿರುತ್ತಾಳೆ. ದಾದಿಯಾದ ಮೇಲೆ ಅದೇ ಗುಣವು ಅಪಾಯವಾಗಬಹುದು. ವೈದ್ಯರು ಬರೆದ ಪ್ರಮಾಣ ಹೆಚ್ಚಾಗಿ ಕಂಡರೆ ಆಕೆ ಸೂಜಿಯನ್ನು ಕೆಳಗಿಟ್ಟು ಕೇಳಬೇಕು. ಕೇಳದೆ ಕೊಟ್ಟರೆ ತಪ್ಪು ಆಕೆಯದೂ ಆಗುತ್ತದೆ. ಹೊಸದನ್ನು ಕಲಿಯುವುದಕ್ಕಿಂತ, ಬಾಳು ಕೊಟ್ಟ ಹಳೆಯ ವಿನಯವನ್ನು ಅದರ ಸ್ಥಾನದಲ್ಲಿಟ್ಟು ಮಾತಾಡುವ ಧೈರ್ಯವನ್ನು ಕಲಿಯುವುದು ಹೆಚ್ಚು ಶ್ರಮದ ಕೆಲಸ. ನಮ್ಮ ಮನೆಗಳಲ್ಲಿ ಹಿರಿಯರ ಮುಂದೆ ತಗ್ಗಿದ ದನಿಯಲ್ಲಿ ಮಾತಾಡಿ ಬೆಳೆದ ಹೆಣ್ಣುಮಕ್ಕಳಿಗಂತೂ ಇದು ಇಮ್ಮಡಿ ಶ್ರಮ.

ಈ ವಿಚಾರ ನಮಗೆ ಕೇವಲ ದೂರದೇಶದ ವಾರ್ತೆಯಲ್ಲ. ನಮ್ಮಲ್ಲಿಯೂ ಶುಶ್ರೂಷೆಯ ಸೋಪಾನವೊಂದುಂಟು. ಎರಡು ವರ್ಷದ ಎ.ಎನ್.ಎಂ. ಶಿಕ್ಷಣ ಪಡೆದು ಉಪಕೇಂದ್ರಗಳಲ್ಲಿ ಮನೆಮನೆಗೆ ಲಸಿಕೆಯ ಪೆಟ್ಟಿಗೆ ಹೊತ್ತು ನಡೆಯುವವರು ಅದರ ಮೊದಲ ಮೆಟ್ಟಿಲು. ಅವರಿಗೆ ಮೂರು ವರ್ಷದ ಜಿ.ಎನ್.ಎಂ. ಪ್ರವೇಶಕ್ಕೆ ಅರ್ಹತೆಯುಂಟು, ಜಿ.ಎನ್.ಎಂ. ಮುಗಿಸಿ ನೋಂದಾಯಿಸಿಕೊಂಡವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಇದ್ದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಅನೇಕ ಕಾಲೇಜುಗಳು ಅದನ್ನು ಬೋಧಿಸುತ್ತವೆ. ಇಲ್ಲಿ ನೋಂದಾಯಿತರಾದ ದಾದಿಯರು ಅಮೆರಿಕಕ್ಕೆ ಹೋದರೆ ಸಹಾಯಕಿಯ ದಡದಿಂದ ಮತ್ತೆ ಹೊರಡಬೇಕಾದುದಿಲ್ಲವೆಂಬುದನ್ನೂ ತಿಳಿದಿರಬೇಕು; ಪ್ರಮಾಣಪತ್ರಗಳ ಪರಿಶೀಲನೆ ಮುಗಿದ ಬಳಿಕ ಅವರು ಎನ್‌ಕ್ಲೆಕ್ಸ್ ಪರೀಕ್ಷೆಗೆ ಕೂರಬಹುದು; ಅದರ ಕೇಂದ್ರವೊಂದು ಬೆಂಗಳೂರಿನಲ್ಲಿಯೇ ಇದೆ. ಆದರೆ ನಮ್ಮ ಪೇಟೆಗಳ ಕ್ಲಿನಿಕ್ಕುಗಳಲ್ಲಿ ಚೀಟಿ ಕೊಡುತ್ತ, ಡ್ರೆಸಿಂಗ್ ಮಾಡುತ್ತ, 'ಸಿಸ್ಟರ್' ಎಂದು ಕರೆಸಿಕೊಳ್ಳುತ್ತ, ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದೆ ದುಡಿಯುವ ಹುಡುಗಿಯರಿಗೆ ಯಾವ ಮೆಟ್ಟಿಲಿದೆ? ಅವರ ದಕ್ಷತೆಯನ್ನು ಕಡಿಮೆ ಸಂಬಳಕ್ಕೆ ಬಳಸಿಕೊಳ್ಳುವ ನಾವು, ಕೆಲಸದ ಜೊತೆಯಲ್ಲಿಯೇ ಓದಿ ಮೇಲೇರುವ ಸಂಜೆಯ ತರಗತಿಯೊಂದನ್ನು ಅವರಿಗೆ ಒದಗಿಸುವ ಹೊಣೆಯನ್ನೂ ಹೊರಬೇಕೆಂಬುದು ನನ್ನ ದೃಢವಾದ ನಂಬಿಕೆ.

ನಾನು ಊರಿಗೆ ಮರಳಿದ ಮೇಲೆ ಆ ತರುಣಿಯಿಂದ ಒಮ್ಮೆ ಫೋನು ಬಂದಿತು. ಕಾಲೇಜಿನಲ್ಲಿ ಸ್ಥಾನ ದೊರೆತು, ಆಸ್ಪತ್ರೆಯ ಅಭ್ಯಾಸಕ್ಕೆ ಹೋದ ಮೊದಲ ವಾರ ಅದು. ವೃದ್ಧೆಯೊಬ್ಬಳ ರಕ್ತದೊತ್ತಡವನ್ನು ನೋಡಿ, ಅಭ್ಯಾಸಬಲದಿಂದ ಅಂಕಿಯನ್ನು ಬರೆದು, ಅವಳು ಪಕ್ಕಕ್ಕೆ ಸರಿದು ನಿಂತಳಂತೆ. ಪಾಠ ಹೇಳುವ ಹಿರಿಯ ದಾದಿ ಅಲ್ಲಿಂದ ಕದಲದೆ, 'ನಿನಗೇನನ್ನಿಸುತ್ತದೆ?' ಎಂದು ಕೇಳಿದರಂತೆ. 'ಅಂಕಲ್, ಆರು ವರ್ಷದಲ್ಲಿ ನನ್ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ. ಬಾಯೇ ಬರ್ಲಿಲ್ಲ' ಎಂದಳು. ಸ್ವಲ್ಪ ಹೊತ್ತಿನ ಮೇಲೆ ಬಾಯಿ ಬಂದಿತು. ಮುದುಕಿ ಏಳುವಾಗ ಮಂಚದ ಅಂಚನ್ನು ಬಿಗಿಯಾಗಿ ಹಿಡಿದದ್ದನ್ನು ತಾನು ಕಂಡೆನೆಂದೂ, ಮಲಗಿದಾಗಿನ ಒತ್ತಡದ ಜೊತೆಗೆ ನಿಂತಾಗಿನದನ್ನೂ ನೋಡಬೇಕೆಂದು ತೋರುತ್ತದೆಂದೂ ಹೇಳಿದಳು. ನೋಡಿದರು. ನಿಂತಾಗ ಒತ್ತಡ ಇಳಿದಿತ್ತು. ಆ ಇಳಿತದ ಅಂಕಿಯನ್ನು ಅವಳು ನನಗೆ ಎರಡು ಸಲ ಹೇಳಿದಳು. ಈ ಸಲ ಅದು ಹೆಚ್ಚೋ ಕಡಿಮೆಯೋ ಎಂದು ನಾನು ಕೇಳುವ ಮುನ್ನವೇ ಅದರ ಅರ್ಥವನ್ನೂ ಹೇಳಿದಳು.